ತಿಮರೆಯೇ ಬೇರೆ, ಗ್ರೌಂಡ್ ಐವಿಯೇ ಬೇರೆ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಕೈತೋಟದ ಪುಟದಲ್ಲಿ ಈಚೆಗೆ ಬಂದ ಒಂದು ಬರಹದಲ್ಲಿ ‘ಇಂಗ್ಲಿಷಿನ ಗ್ರೌಂಡ್ ಐವಿ ಎಂದರೆ ನಮ್ಮ ಒಂದೆಲಗ, ಕರಾವಳಿಯವರ ತಿಮರೆ’ ಎಂದು ಅಚ್ಚಾಗಿದೆ. ಇದು ತಪ್ಪು. ಜೊತೆಗೆ ಹಾಕಿದ ಚಿತ್ರ ಕೂಡ ಒಂದೆಲಗದ್ದಲ್ಲ, ನೇರಳೆ ಹೂ ಬಿಟ್ಟ ಗ್ರೌಂಡ್ ಐವಿಯದ್ದು. ಅದರ ಕೆಳಗೆ ತಂಬುಳಿ ಮಾಡುವ ಕ್ರಮ ಬೇರೆ ಕೊಟ್ಟಿದ್ದೀರಿ. ನಮ್ಮ ಪಕ್ಕದ ಮನೆಯ ಹುಡುಗಿ ಅದನ್ನು ಓದಿ, ‘ಅಕ್ಕ, ತಿಮರೆಗೆ ಗ್ರೌಂಡ್ ಐವಿ ಅಂತ ಹೇಳುವುದಂತೆ, ಆನ್‌ಲೈನಲ್ಲಿ ಬೀಜ ಉಂಟು, ತರಿಸುವುದಾ?’ ಎಂದು ಕೇಳಿದಳು. ಆಮೇಲೆ ಸುಮ್ನೆ ಕೂರಲು ಆಗಲಿಲ್ಲ. ತಿನ್ನುವ ಸೊಪ್ಪಿನ ಹೆಸರು ತಪ್ಪಿದರೆ ಅದನ್ನು ಅಚ್ಚಿನ ದೋಷ ಎಂದು ಬಿಟ್ಟುಬಿಡಲು ಆಗುವುದಿಲ್ಲ, ಅಲ್ವಾ?

ಗ್ರೌಂಡ್ ಐವಿ ಯುರೋಪಿನ ಗಿಡ. ಪಶ್ಚಿಮ ಏಷ್ಯಾದ ಕೆಲವು ಕಡೆಯೂ ಇದೆ. ಸಸ್ಯಶಾಸ್ತ್ರದ ಹೆಸರು ಗ್ಲೆಕೋಮಾ ಹೆಡೆರೇಸಿಯಾ. ತಂಪು ಹವೆಯಲ್ಲಿ, ಅರೆನೆರಳಿನಲ್ಲಿ, ಒದ್ದೆ ನೆಲದಲ್ಲಿ ಹರಡಿಕೊಂಡು, ಗಂಟುಗಂಟಿಗೂ ಬೇರು ಬಿಡುತ್ತಾ ಹೋಗುತ್ತದೆ. ವಲಸೆ ಹೋದವರು ಇದನ್ನು ಉತ್ತರ ಅಮೆರಿಕಕ್ಕೂ ಒಯ್ದರು. ಈಗ ಅಲ್ಲಿನ ಮನೆಯಂಗಳದ ಹುಲ್ಲುಹಾಸಿನಲ್ಲಿ ಇದು ಕೀಳಲು ಕಷ್ಟವಾದ ಕಳೆ, ಏಕೆಂದರೆ ಕಿತ್ತ ತುಂಡಿನಲ್ಲಿ ಒಂದು ಗಂಟು ಉಳಿದರೂ ಸಾಕು, ಮತ್ತೆ ಚಿಗುರುತ್ತದೆ. ಬಿಯರಿಗೆ ಹಾಪ್ಸ್ ಎಂಬ ಕಹಿ ಹೂ ಹಾಕುವ ಪದ್ಧತಿ ಬರುವ ಮೊದಲು ಇಂಗ್ಲೆಂಡಿನವರು ತಮ್ಮ ಏಲ್ ಎಂಬ ಮದ್ಯಕ್ಕೆ ಕಹಿ ಮತ್ತು ಪರಿಮಳ ಬರಲು ಇದೇ ಸೊಪ್ಪನ್ನು ಹಾಕುತ್ತಿದ್ದರು. ಹಾಗಾಗಿ ಅದಕ್ಕೆ ‘ಏಲ್‌ಹೂಫ್’ ಎಂಬ ಹಳೆಯ ಹೆಸರೂ ಇದೆ. ‘ಗಿಲ್ ಓವರ್ ದ ಗ್ರೌಂಡ್’, ‘ಕ್ಯಾಟ್ಸ್ ಫುಟ್’, ‘ಕ್ರೀಪಿಂಗ್ ಚಾರ್ಲಿ’ ಎಲ್ಲವೂ ಇದರದೇ ಹೆಸರುಗಳು. ಮನೆಮದ್ದಾಗಿ ಅಲ್ಲಿಯೂ ಬಳಸಿದ್ದಾರೆ, ನಿಜ. ಆದರೆ ಕುದುರೆಗಳು ಜಾಸ್ತಿ ತಿಂದರೆ ವಿಷವಾಗುತ್ತದೆ. ಅಂಥ ಗಿಡದ ಚಿತ್ರದ ಕೆಳಗೆ ‘ಬೇರು ಸಮೇತ ತೊಳೆದು ರುಬ್ಬಿ’ ಎಂದು ಬರೆಯುವುದು ಸರಿಯಾ?

ಎರಡನ್ನೂ ಒಂದೇ ಎಂದುಕೊಳ್ಳುವುದು ಹೇಗೆ ಸಾಧ್ಯವಾಯಿತು ಎಂದು ಊಹಿಸಬಹುದು. ದೂರದಿಂದ ನೋಡಿದರೆ ಎರಡೂ ಉರುಟು ಎಲೆ, ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚು, ನೆಲದಲ್ಲಿ ಹರಡುವ ಬಳ್ಳಿ. ಮೊಬೈಲಿನಲ್ಲಿ ಗಿಡ ಗುರುತಿಸುವ ಆ್ಯಪ್‌ಗಳಿಗೆ ಎಲೆಯ ಒಂದು ಫೋಟೋ ಮಾತ್ರ ಕೊಟ್ಟರೆ ಅವೂ ಎಡವಬಹುದು. ಕೈಯಲ್ಲಿ ಹಿಡಿದು ನೋಡಿದರೆ ಮಾತ್ರ ಗೊಂದಲವೇ ಇಲ್ಲ. ತುಳಸಿಯ ಎಳೆ ಕಡ್ಡಿಯೊಂದನ್ನು ಬೆರಳುಗಳ ನಡುವೆ ತಿರುಗಿಸಿ ನೋಡಿ. ನಾಲ್ಕು ಮೂಲೆ ತಾಗುತ್ತದೆ. ಪುದೀನದ್ದೂ ಹಾಗೆಯೇ, ದೊಡ್ಡಪತ್ರೆಯ ಎಳೆ ಕಡ್ಡಿಯದ್ದೂ ಹಾಗೆಯೇ. ಗ್ರೌಂಡ್ ಐವಿ ಇದೇ ತುಳಸಿ-ಪುದೀನ ಕುಟುಂಬದ್ದು. ಅದರ ದಂಟು ಚೌಕ, ಎಲೆಗಳು ಎದುರುಬದುರು ಜೋಡಿಯಾಗಿ ಇರುತ್ತವೆ, ಮೈಮೇಲೆ ಸಣ್ಣ ರೋಮ, ಜಜ್ಜಿದರೆ ಗಾಢವಾದ ವಾಸನೆ, ಹೂ ನೀಲಿ ಅಥವಾ ನೇರಳೆ ಬಣ್ಣದ ತುಟಿ ಇರುವಂಥದ್ದು. ತಿಮರೆಯ ಬಳ್ಳಿ ಉರುಟು, ಸ್ವಲ್ಪ ಕೆಂಪು ಛಾಯೆ. ಒಂದೊಂದು ಗಂಟಿನಿಂದ ಉದ್ದ ತೊಟ್ಟಿನ ಎಲೆಗಳು ಗುಂಪಾಗಿ ಮೇಲೇಳುತ್ತವೆ. ಹೂ ಇದ್ದರೂ ಕಾಣುವುದೇ ಇಲ್ಲ, ಅಷ್ಟು ಸಣ್ಣದು, ಎಲೆಯ ಬುಡದಲ್ಲಿ ಅಡಗಿರುತ್ತದೆ. ಅದು ಕೊತ್ತಂಬರಿ, ಜೀರಿಗೆಯ ಕುಟುಂಬಕ್ಕೆ ಸೇರಿದ್ದು. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನ್ನೇಯಸ್ 1753ರಲ್ಲಿ ಗಿಡಗಳಿಗೆ ಎರಡು ಪದಗಳ ಹೆಸರು ಕೊಟ್ಟಾಗ ಈ ಎರಡನ್ನೂ ಬೇರೆ ಬೇರೆ ಕಡೆ ಇಟ್ಟಿದ್ದರು. ಒಂದೆಲಗದ ಹೆಸರು ಮುಂದೆ ಬದಲಾಗಿ ಈಗ ಸೆಂಟೆಲ್ಲಾ ಏಷ್ಯಾಟಿಕಾ ಎಂದಾಗಿದೆ.

ತಿಮರೆ ಬೇಕಾದವರು ಬೀಜ ತರಿಸುವ ಅಗತ್ಯವೂ ಇಲ್ಲ. ಉಡುಪಿ, ಮಂಗಳೂರಿನ ಹಳ್ಳಿಗಳಲ್ಲಿ ಬಾವಿಕಟ್ಟೆಯ ಸುತ್ತ, ಗದ್ದೆಯ ಹುಣಿಯಲ್ಲಿ, ಅಡಿಕೆ ತೋಟದ ತೋಡಿನ ಬದಿಯಲ್ಲಿ ಅದು ತಾನಾಗಿ ಬೆಳೆಯುತ್ತದೆ. ಬೇರು ಇರುವ ಒಂದು ಗಂಟು ತಂದು ಒದ್ದೆ ಮಣ್ಣಿನಲ್ಲಿ ಊರಿದರೆ ಸಾಕು. ಗ್ರೌಂಡ್ ಐವಿ ನಮ್ಮ ಕರಾವಳಿಯಲ್ಲಿ ಹುಟ್ಟಿ ಬೆಳೆಯುವ ಗಿಡವಲ್ಲ. ಒಂದು ವೇಳೆ ಯಾರಾದರೂ ಬೀಜ ತರಿಸಿ, ಅದು ನಮ್ಮ ಸೆಕೆಯನ್ನೂ ತಡೆದು ಬದುಕಿತು ಎಂದುಕೊಳ್ಳಿ. ಆಗ ಅಡುಗೆಮನೆಗೆ ಬರುವುದು ಬೇರೆಯೇ ಸೊಪ್ಪು.

ಇನ್ನು ಈ ‘ಐವಿ’ ಎಂಬ ಹೆಸರಿನ ವಿಷಯ. ನಿಮ್ಮ ಬರಹಗಾರರು ‘ಐವಿ ಜಾತಿಯ ಗಿಡ’ ಎಂದೂ ಬರೆದಿದ್ದಾರೆ. ಗ್ರೌಂಡ್ ಐವಿಗೂ ಐವಿಗೂ ಸಂಬಂಧವೇ ಇಲ್ಲ. ನಮ್ಮಲ್ಲೂ ಇಂಥ ಹೆಸರುಗಳು ಬೇಕಾದಷ್ಟು ಉಂಟು. ನೆಲಬೇವು ಬೇವಿನ ಸಂಬಂಧಿಯಲ್ಲ, ಬರೀ ಕಹಿಯಿಂದಾಗಿ ಆ ಹೆಸರು ಬಂತು. ಅದು ಆಡುಸೋಗೆಯ ಕುಟುಂಬದ್ದು. ನೆಲಸಂಪಿಗೆ ಸಂಪಿಗೆಯಲ್ಲ, ಶುಂಠಿಯ ಬಳಗದ್ದು. ಆದರೆ ನೆಲನೆಲ್ಲಿ ಮಾತ್ರ ನಿಜವಾಗಿಯೂ ನೆಲ್ಲಿಯ ಹತ್ತಿರದ ನೆಂಟ, ಎರಡೂ ಫಿಲ್ಯಾಂಥಸ್ ಎಂಬ ಒಂದೇ ಕುಲದವು. ಅಂದರೆ ಹೆಸರು ಕೆಲವು ಸಲ ಸರಿ ದಾರಿ ತೋರಿಸುತ್ತದೆ, ಕೆಲವು ಸಲ ಇಲ್ಲ. ಯಾವುದು ಯಾವಾಗ ಎಂದು ಹೆಸರು ನೋಡಿ ಹೇಳಲು ಬರುವುದಿಲ್ಲ. ನೆಲಬೇವಿನ ವಿಷಯ ನಮಗೆ ಅಜ್ಜಿಯರ ಕಾಲದಿಂದ ಗೊತ್ತಿರುವುದರಿಂದ ಮೋಸ ಹೋಗುವುದಿಲ್ಲ. ಇಂಗ್ಲಿಷ್ ಹೆಸರುಗಳಿಗೆ ಆ ರಕ್ಷಣೆ ನಮಗಿಲ್ಲ.

ನಿಜವಾದ ಐವಿ ಎಂದರೆ ಹೆಡೆರಾ ಎಂಬ ಕುಲದ ಬಳ್ಳಿಗಳು. ಯುರೋಪಿನ ಹಳೆಯ ಚರ್ಚು, ಕೋಟೆಗಳ ಗೋಡೆಯಲ್ಲಿ ಸಣ್ಣ ಸಣ್ಣ ಬೇರುಗಳಿಂದ ಹಿಡಿದುಕೊಂಡು ಹತ್ತುವುದು ಇದೇ. ಹಿಮಾಲಯದಲ್ಲಿ ಇದರ ಒಂದು ಜಾತಿ ಇದೆ. ನಮ್ಮ ನರ್ಸರಿಗಳಲ್ಲಿ ಕುಂಡದಲ್ಲಿ ಸಿಗುವ ಇಂಗ್ಲಿಷ್ ಐವಿಗೆ ಇಲ್ಲಿನ ಸೆಕೆ ಒಗ್ಗುವುದು ಕಷ್ಟ. ಮಂಗಳೂರಿನ ಮನೆಗಳ ಪಾಗಾರದ ಮೇಲೆ ಅಂಟಿಕೊಂಡು ಸಣ್ಣ ಎಲೆಯಿಂದ ಇಡೀ ಗೋಡೆ ಮುಚ್ಚುವ ಬಳ್ಳಿಯನ್ನು ತುಂಬ ಜನ ಐವಿ ಎನ್ನುತ್ತಾರೆ. ಹೆಚ್ಚಿನ ಕಡೆ ಅದು ಫೈಕಸ್ ಪ್ಯುಮಿಲಾ. ಆಲ, ಅತ್ತಿ, ಅಶ್ವತ್ಥದ ಕುಟುಂಬ. ಎಳೆಯ ಕೊಂಬೆಯನ್ನು ಚಿವುಟಿದರೆ ಬಿಳಿ ಹಾಲು ಬರುತ್ತದೆ, ಅಲ್ಲಿಗೆ ಗೊತ್ತಾಯಿತು. ಬೇರು ಪಾಗಾರದ ಬಿರುಕಿಗೆ ಇಳಿಯುವ ಮೊದಲೇ ಅದು ಯಾವ ಬಳಗದ್ದು ಎಂದು ತಿಳಿದಿದ್ದರೆ ಒಳ್ಳೆಯದು.

ಬೋಸ್ಟನ್ ಐವಿ ದ್ರಾಕ್ಷಿಯ ಕುಟುಂಬದ್ದು, ಊರು ಚೀನಾ, ಜಪಾನ್, ಕೊರಿಯಾ. ಸ್ವೀಡಿಷ್ ಐವಿ ಎಂದು ತೂಗುಕುಂಡಗಳಲ್ಲಿ ಮಾರುವುದು ದೊಡ್ಡಪತ್ರೆಯ ಹತ್ತಿರದ ಸಂಬಂಧಿ, ಊರು ದಕ್ಷಿಣ ಆಫ್ರಿಕಾ. ಇದಕ್ಕೂ ‘ಕ್ರೀಪಿಂಗ್ ಚಾರ್ಲಿ’ ಎನ್ನುವವರಿದ್ದಾರೆ. ಪಿಲಿಯಾ ಎಂಬ ಇನ್ನೊಂದು ಕುಂಡದ ಗಿಡಕ್ಕೂ ಅದೇ ಹೆಸರು. ನಿಮ್ಮ ಓದುಗರು ‘ಗ್ರೌಂಡ್ ಐವಿ ಅಂದರೆ ಕ್ರೀಪಿಂಗ್ ಚಾರ್ಲಿ’ ಎಂದು ಎಲ್ಲೋ ಓದಿ, ನರ್ಸರಿಗೆ ಹೋಗಿ ಕ್ರೀಪಿಂಗ್ ಚಾರ್ಲಿ ಕೇಳಿದರೆ ಇವುಗಳಲ್ಲಿ ಯಾವುದು ಬೇಕಾದರೂ ಕೈಗೆ ಬರಬಹುದು. ಅದನ್ನು ತಿಮರೆ ಎಂದು ನಂಬಿ ಮನೆಗೆ ತಂದರೆ? ಈ ಸರಪಳಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ನೋಡಿ.

ಡೆವಿಲ್ಸ್ ಐವಿ ಎಂದರೆ ಎಲ್ಲರ ಮನೆಯಲ್ಲಿರುವ ಮನಿ ಪ್ಲಾಂಟ್. ಪೆಸಿಫಿಕ್ ಸಾಗರದ ಮೊರಿಯಾ ದ್ವೀಪದ ಬಳ್ಳಿ. ನಮ್ಮ ಮಳೆಗೆ ಹೇಳಿ ಮಾಡಿಸಿದ ಹಾಗೆ ಬೆಳೆದು, ತೆಂಗಿನ ಮರಕ್ಕೆ ಹತ್ತಿಸಿದರೆ ಎಲೆ ಮೊರದಗಲ ಆಗುತ್ತದೆ. ಇದು ಕೆಸುವಿನ ಕುಟುಂಬದ್ದು. ಪತ್ರೊಡೆ ಮಾಡುವವರಿಗೆ ಕೆಸುವಿನ ತುರಿಕೆ ಗೊತ್ತೇ ಉಂಟು, ಹುಳಿ ಸರಿಯಾಗಿ ಬೀಳದಿದ್ದರೆ, ಚೆನ್ನಾಗಿ ಬೇಯದಿದ್ದರೆ ಗಂಟಲು ಕೆರೆಯುತ್ತದೆ. ಎಲೆಯೊಳಗೆ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುವುದರಿಂದ ಹಾಗಾಗುವುದು. ಮನಿ ಪ್ಲಾಂಟಿನಲ್ಲೂ ಅದೇ ಹರಳು. ಮಕ್ಕಳು, ನಾಯಿ, ಬೆಕ್ಕು ಅಗಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಕೈತೋಟದ ಪುಟದಲ್ಲಿ ‘ಮನೆಯೊಳಗೆ ಇಡಲು ಒಳ್ಳೆಯ ಐವಿ’ ಎಂದು ಬರೆಯುವಾಗ ‘ಕೆಸುವಿನ ಕುಟುಂಬ’ ಎಂಬ ಎರಡು ಪದ ಸೇರಿಸಿದರೆ ಕರಾವಳಿಯ ಯಾವ ತಾಯಿಗೂ ಮತ್ತೆ ವಿವರಿಸಿ ಹೇಳಬೇಕಾಗಿಲ್ಲ.

ಐವಿ ಗೋರ್ಡ್ ಎಂದರೆ ಏನು ಗೊತ್ತೇ? ನಮ್ಮ ತೊಂಡೆಕಾಯಿ! ತುಳುವಿನ ಮನೋಳಿ, ಕೊಂಕಣಿಯ ತೆಂಡ್ಲೆಂ. ಎಲೆ ಐವಿಯ ಎಲೆಯ ಹಾಗಿದೆ ಎಂದು ಇಂಗ್ಲಿಷಿನವರು ಆ ಹೆಸರಿಟ್ಟರು, ಗಿಡ ಮಾತ್ರ ಸೌತೆ, ಹೀರೆ, ಹಾಗಲದ ಬಳಗದ್ದು. ಮನೋಳಿಯಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ಬೀಜ ಹಾಕಿದರೆ ಯಾವುದು ಹುಟ್ಟುತ್ತದೆ ಎಂದು ಹೇಳಲಾಗುವುದಿಲ್ಲ. ಅದಕ್ಕೇ ನಮ್ಮವರು ಒಳ್ಳೆ ಕಾಯಿ ಬಿಡುವ ಬಳ್ಳಿಯ ತುಂಡನ್ನೇ ನೆಟ್ಟು ಚಪ್ಪರಕ್ಕೆ ಬಿಡುತ್ತಾರೆ. ಇದೇ ಬಳ್ಳಿ ಹವಾಯಿ ದ್ವೀಪಗಳಲ್ಲಿ ಬೇಲಿ, ಮರ, ಕಂಬ ಎಲ್ಲವನ್ನೂ ಮುಚ್ಚಿಬಿಡುವ ದೊಡ್ಡ ಕಳೆ. ಅಲ್ಲಿನ ಇಂಗ್ಲಿಷ್ ಲೇಖನವನ್ನು ಯಾರಾದರೂ ಹಾಗೇ ಕನ್ನಡಕ್ಕೆ ಇಳಿಸಿ ‘ಐವಿ ಸೋರೆ ಎಂಬ ಅಪಾಯಕಾರಿ ಕಳೆಯನ್ನು ಕಂಡಲ್ಲಿ ಕಿತ್ತುಹಾಕಿ’ ಎಂದು ಬರೆದರೆ, ಓದಿದವರಿಗೆ ಅದು ತಮ್ಮ ಹಿತ್ತಲಿನ ಮನೋಳಿಯ ಮಾತು ಎಂದು ಹೊಳೆಯುವುದೇ ಇಲ್ಲ.

ಕೊನೆಗೆ ಪಾಯಿಸನ್ ಐವಿ. ಈ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು, ಏಕೆಂದರೆ ನಮ್ಮ ಊರಿನ ಎಷ್ಟೋ ಮಕ್ಕಳು ಓದಲು, ಕೆಲಸಕ್ಕೆ ಅಮೆರಿಕಕ್ಕೆ ಹೋಗುತ್ತಾರೆ. ಅಲ್ಲಿನ ಕಾಡುದಾರಿ, ಪಾರ್ಕುಗಳಲ್ಲಿ ಮೂರು ಮೂರು ಎಲೆಗಳ ಈ ಗಿಡ ಸಾಮಾನ್ಯ. ತಾಗಿದರೆ ಮೈಮೇಲೆ ಗುಳ್ಳೆ ಏಳುತ್ತದೆ, ಭಾರಿ ತುರಿಕೆ, ವಾರಗಟ್ಟಲೆ ಕಾಡುತ್ತದೆ. ಇದು ಐವಿಯೂ ಅಲ್ಲ, ಗ್ರೌಂಡ್ ಐವಿಯ ನೆಂಟನೂ ಅಲ್ಲ. ಇದು ಗೇರು ಮತ್ತು ಮಾವಿನ ಕುಟುಂಬದ್ದು! ನಮ್ಮ ಜಿಲ್ಲೆಯವರಿಗೆ ಇದಕ್ಕಿಂತ ಸುಲಭವಾದ ಪರಿಚಯ ಬೇರೆ ಬೇಕಾ? ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈ ಸುಲಿದು ಹೋಗುವುದು, ಮಾವಿನ ಮಿಡಿಯ ಸೊನೆ ತಾಗಿ ಕೆನ್ನೆ ಸುಡುವುದು, ಕಾಡಿಗೆ ಹೋದವರಿಗೆ ಚೇರೆ ಮರದ ಸೊನೆ ಬಿದ್ದು ಮುಖ ಊದಿಕೊಳ್ಳುವುದು, ಇವೆಲ್ಲ ನಾವು ಕಂಡದ್ದೇ. ಪಾಯಿಸನ್ ಐವಿಯಲ್ಲಿರುವ ಉರುಷಿಯಾಲ್ ಎಂಬ ಎಣ್ಣೆ ಗೇರು ಸಿಪ್ಪೆಯ ಎಣ್ಣೆಗೆ ರಸಾಯನದಲ್ಲಿ ತೀರ ಹತ್ತಿರ. ಒಂದಕ್ಕೆ ಮೈ ಆಗದವರಿಗೆ ಇನ್ನೊಂದೂ ಆಗದೆ ಇರಬಹುದು. ಅಲ್ಲಿ ಪಾಯಿಸನ್ ಐವಿ ತಾಗಿ ನರಳಿದವರಿಗೆ ಆಮೇಲೆ ಮಾವಿನ ಹಣ್ಣಿನ ಸಿಪ್ಪೆ ಕಚ್ಚಿದರೂ ತುಟಿಯ ಸುತ್ತ ತುರಿಕೆ ಬರುವುದುಂಟು. ಎಣ್ಣೆ ತಾಗಿದ ಕೂಡಲೇ ಸೋಪು ಹಾಕಿ ಚೆನ್ನಾಗಿ ತೊಳೆಯಬೇಕು, ಬಟ್ಟೆಯನ್ನೂ ಒಗೆಯಬೇಕು. ಒಣಗಿದ ಗಿಡವನ್ನು ಸುಡಲೇಬಾರದು, ಹೊಗೆಯಲ್ಲೂ ಆ ಎಣ್ಣೆ ಇರುತ್ತದೆ. ‘ಪಾಯಿಸನ್ ಐವಿ, ಅಮೆರಿಕದ ಗೇರು ಕುಟುಂಬದ ಗಿಡ’ ಎಂದು ಒಂದು ಸಾಲು ಬರೆದರೆ ಗೇರು ಕಾರ್ಖಾನೆಯಲ್ಲಿ ಕೈಗೆ ಎಣ್ಣೆ ಹಚ್ಚಿಕೊಂಡು ಬೀಜ ಸುಲಿಯುವ ಅಮ್ಮ ಕೂಡ ಅಮೆರಿಕದಲ್ಲಿರುವ ಮಗನಿಗೆ ಫೋನಿನಲ್ಲಿ ಸರಿಯಾದ ಎಚ್ಚರಿಕೆ ಹೇಳಬಲ್ಲರು.

ಮದುವೆ ಊಟಗಳಲ್ಲಿ ಬಡಿಸುವ ತೆಂಡ್ಲೆಂ-ಬಿಬ್ಬೊ ಉಪ್ಕರಿ ಎಂಬ ಪಲ್ಯದಲ್ಲಿ ಐವಿ ಗೋರ್ಡೂ ಉಂಟು, ಪಾಯಿಸನ್ ಐವಿಯ ಸಂಬಂಧಿಯಾದ ಎಳೆ ಗೇರುಬೀಜವೂ ಉಂಟು. ಎರಡೂ ನಮ್ಮ ಪ್ರೀತಿಯ ಆಹಾರ. ಐವಿ ಎಂಬ ಹೆಸರಿನಿಂದ ಒಂದು ಗಿಡ ತಿನ್ನಬಹುದೋ ಬಾರದೋ ಎಂದು ಏನೂ ತಿಳಿಯುವುದಿಲ್ಲ ಎನ್ನಲು ಬೇರೆ ಸಾಕ್ಷಿ ಬೇಡ.

ಹಾಗಾದರೆ ನಮ್ಮ ಹೆಸರುಗಳನ್ನು ಮಾತ್ರ ಬರೆದರೆ ಸಾಕಾ? ಸಾಲದು. ಒಂದೆಲಗಕ್ಕೆ ಬ್ರಾಹ್ಮಿ ಎನ್ನುವವರು ಜಾಸ್ತಿ ಜನ. ಆದರೆ ನೀರುಬ್ರಾಹ್ಮಿ ಎಂಬ ಇನ್ನೊಂದು ಗಿಡ ಉಂಟು, ಬಕೋಪಾ ಮೊನ್ನಿಯೇರಿ, ಸಣ್ಣ ದಪ್ಪ ಎಲೆ, ಬೆಳ್ಳಗಿನ ಹೂ, ರುಚಿ ಕಹಿ. ಅಂಗಡಿಯಲ್ಲಿ ಬ್ರಾಹ್ಮಿ ಎಂದು ಕೇಳಿದರೆ ಎರಡರಲ್ಲಿ ಯಾವುದೂ ಸಿಗಬಹುದು. ಪೆನ್ನಿವರ್ಟ್ ಎಂಬ ಇಂಗ್ಲಿಷ್ ಹೆಸರಿನದ್ದೂ ಇದೇ ಪಾಡು. ಒಂದೆಲಗಕ್ಕೂ ಅದೇ ಹೆಸರು, ಮೀನಿನ ತೊಟ್ಟಿಗೆ ಹಾಕುವ ಹೈಡ್ರೊಕೊಟೈಲ್ ಗಿಡಕ್ಕೂ ಅದೇ ಹೆಸರು. ಆದ್ದರಿಂದ ಊರಿನ ಹೆಸರೂ ಬೇಕು, ಸಸ್ಯಶಾಸ್ತ್ರದ ಹೆಸರೂ ಬೇಕು. ಒಂದು ಗಿಡಕ್ಕೆ ಒಂದಕ್ಕಿಂತ ಹೆಚ್ಚು ಹೆಸರು ಒಟ್ಟಿಗೆ ಅಚ್ಚು ಹಾಕುವುದು ಹೊಸ ಕ್ರಮವೇನಲ್ಲ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಲಬಾರಿನ ಗಿಡಗಳ ಬಗ್ಗೆ ಮಾಡಿಸಿದ ‘ಹೊರ್ತುಸ್ ಮಲಬಾರಿಕುಸ್’ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಅದರಲ್ಲಿ ಗಿಡದ ಚಿತ್ರದ ಜೊತೆಗೆ ಮಲಯಾಳದ ಹೆಸರೂ ಇದೆ, ನಾಗರಿ ಲಿಪಿಯಲ್ಲಿ ಕೊಂಕಣಿ ಹೆಸರೂ ಇದೆ. ಇಟ್ಟಿ ಅಚ್ಯುತನ್ ಎಂಬ ನಾಟಿ ವೈದ್ಯರ ಜೊತೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ಪಂಡಿತರು ಆ ಕೆಲಸದಲ್ಲಿ ಇದ್ದರು. ಅಚ್ಚುಮೊಳೆಯ ಆ ಕಾಲದಲ್ಲೇ ಇದು ಸಾಧ್ಯವಾಗಿದ್ದರೆ ಇಂದು ಮಂಗಳೂರಿನಿಂದ ಹೊರಡುವ ಪತ್ರಿಕೆಗೆ ಏನು ಕಷ್ಟ?

ಕೇಳಿ ತಿಳಿಯಲು ಜನರೂ, ಪುಸ್ತಕಗಳೂ ಇಲ್ಲೇ ಇವೆ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 6 ಸಂಪುಟಗಳಲ್ಲಿ ಬಂದ ತುಳು ನಿಘಂಟಿನಲ್ಲಿ ಗಿಡಮರಗಳ ಹೆಸರು ಹುಡುಕಬಹುದು. ಉಡುಪಿ ಜಿಲ್ಲೆಯ ಸಸ್ಯಗಳ ಬಗ್ಗೆ ಡಾ. ಕೆ. ಗೋಪಾಲಕೃಷ್ಣ ಭಟ್ಟರು ಬರೆದ ದೊಡ್ಡ ಗ್ರಂಥವಿದೆ. ಪಿಲಿಕುಳ ನಿಸರ್ಗಧಾಮದಲ್ಲಿ ಪಶ್ಚಿಮ ಘಟ್ಟದ ಗಿಡಗಳನ್ನು ಬೆಳೆಸಿದ್ದಾರೆ. ಕಾಲೇಜುಗಳಲ್ಲಿ ಸಸ್ಯಶಾಸ್ತ್ರ ಕಲಿಸುವವರಿದ್ದಾರೆ. ಬರಹ ಅಚ್ಚಿಗೆ ಹೋಗುವ ಮೊದಲು ಒಂದು ಫೋನ್ ಮಾಡಿದರೆ ಸಾಕಿತ್ತು.

ಪತ್ರಿಕೆಗಳು ಈ ಎಚ್ಚರವನ್ನು ತೋರಿಸುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಆಟಿ ಅಮಾವಾಸ್ಯೆ ಹತ್ತಿರ ಬಂದಾಗ, ಆ ದಿನ ಕಷಾಯ ಮಾಡಿ ಕುಡಿಯುವ ಹಾಳೆ ಮರದ ತೊಗಟೆಯನ್ನು ಗೊತ್ತಿರುವವರಿಂದಲೇ ತೆಗೆಸಿ, ಬೇರೆ ಮರದ್ದು ಕುಡಿದರೆ ಅಪಾಯ ಎಂದು ಬರೆಯುತ್ತೀರಿ, ಮರದ ಹೆಸರನ್ನು ತುಳುವಿನಲ್ಲೂ ಕೊಡುತ್ತೀರಿ. ಅದನ್ನು ಓದಿ ನಮ್ಮ ಮನೆಯಲ್ಲೂ ವಿಚಾರಿಸಿಯೇ ಕಷಾಯಕ್ಕೆ ತರುತ್ತಾರೆ. ಅದೇ ಕಾಳಜಿ ಕೈತೋಟದ ಪುಟಕ್ಕೂ ಬರಲಿ ಎಂದಷ್ಟೇ ನನ್ನ ಒತ್ತಾಯ. ಗಿಡದ ಪ್ರತಿ ಬರಹದಲ್ಲಿ ಕನ್ನಡ, ತುಳು, ಕೊಂಕಣಿ ಹೆಸರು, ಬ್ಯಾರಿ ಭಾಷೆಯ ಹೆಸರು ಸಿಕ್ಕಿದರೆ ಅದೂ, ಜೊತೆಗೆ ಸಸ್ಯಶಾಸ್ತ್ರದ ಹೆಸರು ಕನ್ನಡ ಲಿಪಿಯಲ್ಲೇ ಇರಲಿ. ನಮಗೆ ಗೊತ್ತಿರುವ ಯಾವ ಗಿಡದ ಕುಟುಂಬಕ್ಕೆ ಸೇರಿದ್ದು ಎಂದು ಒಂದು ಮಾತು ಇರಲಿ. ತಿನ್ನುವ ಸೊಪ್ಪಾದರೆ ಎಲೆ ಮಾತ್ರವಲ್ಲ, ಗಂಟು, ದಂಟು, ಹೂ ಎಲ್ಲ ಕಾಣುವ ಚಿತ್ರ ಬೇಕು. ಅಂತರ್ಜಾಲದಿಂದ ಎತ್ತಿದ ಚಿತ್ರ ಬೇಡ. ನರ್ಸರಿಯವರೂ ಕುಂಡಕ್ಕೆ ಬರೀ ‘ಐವಿ’ ಎಂದು ಚೀಟಿ ಅಂಟಿಸುವುದನ್ನು ಬಿಟ್ಟು ಪೂರ್ತಿ ಹೆಸರು ಬರೆಯಲಿ.

ಸದ್ಯಕ್ಕೆ ಆ ಬರಹದ ತಿದ್ದುಪಡಿ ಬೇಗ ಬರಬೇಕು. ಮೂಲೆಯಲ್ಲಿ ಎರಡು ಸಾಲು ಹಾಕಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದೇ ಪುಟದಲ್ಲಿ, ಅಷ್ಟೇ ಅಗಲದಲ್ಲಿ ಬರಲಿ, ತಂಬುಳಿಯ ಪಕ್ಕದಲ್ಲಿ ಈ ಸಲ ನಿಜವಾದ ತಿಮರೆಯ ಚಿತ್ರ ಇರಲಿ. ಮೊದಲ ಮಳೆ ಬಿದ್ದ ಕೂಡಲೇ ಜನ ಗಿಡ ನೆಡಲು ಶುರು ಮಾಡುತ್ತಾರೆ, ಅದಕ್ಕೆ ಮೊದಲೇ ಬಂದರೆ ಒಳ್ಳೆಯದು. ಚಿತ್ರ ಬೇಕಿದ್ದರೆ ತಿಳಿಸಿ, ನಮ್ಮ ಬಾವಿಕಟ್ಟೆಯ ಹತ್ತಿರ ಬೇಕಾದಷ್ಟು ಉಂಟು, ಬೇರು, ಗಂಟು, ಹೂ ಎಲ್ಲ ಕಾಣುವ ಹಾಗೆ ತೆಗೆದು ಕಳಿಸುತ್ತೇನೆ.

ಇತಿ,
ನಿಮ್ಮ ಓದುಗಿ,
ಉಡುಪಿ